ಉಜ್ಜದೆ ಬಿಟ್ಟ ಬೆಸುಗೆ

ಸಿ.ವಿ. ರಾಮನ್ ನಗರದ ಒಂದು ದೊಡ್ಡ ಕಚೇರಿ ಕಟ್ಟಡದ ನೆಲಮಾಳಿಗೆ. ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೇಲಿನ ಮಹಡಿಗಳಲ್ಲಿ ಕಂಪ್ಯೂಟರುಗಳೆಲ್ಲ ನಿದ್ದೆಯಲ್ಲಿವೆ. ಕೆಳಗೆ ಮಾತ್ರ ಒಂದು ನೀಲಿ ಬೆಳಕು ಚಿಟಚಿಟ ಎನ್ನುತ್ತ ಗೋಡೆಯ ಮೇಲೆ ಕುಣಿಯುತ್ತಿದೆ. ಆ ಬೆಳಕಿನ ಹಿಂದೆ, ತಬ್ಬಿದರೂ ಕೈಗೆ ಸಿಗದಷ್ಟು ದಪ್ಪದ ಕಬ್ಬಿಣದ ಪೈಪಿನ ಅಡಿಯಲ್ಲಿ, ಅರ್ಧ ಮಲಗಿ ಅರ್ಧ ಕೂತು ಒಬ್ಬ ಹೆಂಗಸು ಕೆಲಸ ಮಾಡುತ್ತಿದ್ದಾರೆ. ಮುಖಕ್ಕೆ ವೆಲ್ಡಿಂಗ್ ಹೆಲ್ಮೆಟ್ಟು, ಮೊಣಕೈವರೆಗೆ ಚರ್ಮದ ಗ್ಲೌಸು, ಸೀರೆಯ ಬದಲು ದಪ್ಪ ಬಟ್ಟೆಯ ಪ್ಯಾಂಟು ಅಂಗಿ.

ಇವರು ಅಂಜಿನಮ್ಮ. ಬೆನ್ನಿಗಾನಹಳ್ಳಿಯವರು. ವಯಸ್ಸು ನಲವತ್ತರ ಆಚೆ; ಎಷ್ಟು ಆಚೆ ಎಂದು ಬರೆಯಬಾರದೆಂಬ ಕಟ್ಟಪ್ಪಣೆ ಇದೆ. ಕಟ್ಟಡದ ಏಸಿಗೆ ತಣ್ಣೀರು ಹರಿಸುವ ಪೈಪುಗಳನ್ನು ಒಂದಕ್ಕೊಂದು ಬೆಸೆಯುವುದು ಇವರ ಕೆಲಸ. ಕಚೇರಿಗೆ ಜನ ಬರತೊಡಗಿದರೆ ಇಲ್ಲಿ ಕಿಡಿ ಹಾರಿಸುವಂತಿಲ್ಲ. ಹೊಗೆ ಮೇಲೆ ಹೋಯಿತೆಂದರೆ ಅಲಾರಂ ಬಡಿದುಕೊಂಡು ಇಡೀ ಕಟ್ಟಡವೇ ರಸ್ತೆಗಿಳಿದು ನಿಲ್ಲುತ್ತದೆ. ಹಾಗಾಗಿ ಕೋಳಿ ಕೂಗುವ ಹೊತ್ತಿಗೇ ಅಂಜಿನಮ್ಮ ಮನೆ ಬಿಡುತ್ತಾರೆ. ಬೆನ್ನಿಗಾನಹಳ್ಳಿಯಲ್ಲಿ ಈಗ ಕೋಳಿ ಎಲ್ಲಿಂದ ಬರಬೇಕು, ರೈಲು ಕೂಗುವ ಹೊತ್ತಿಗೆ ಎನ್ನಿ. ಮೇಲಿನವರು ಕಾಫಿ ಕಪ್ಪು ಹಿಡಿದು ಲಿಫ್ಟ್ ಹತ್ತುವಷ್ಟರಲ್ಲಿ ಇಲ್ಲಿ ಮೂರೋ ನಾಲ್ಕೋ ಜಾಯಿಂಟು ಮುಗಿದಿರುತ್ತದೆ.

ಕಿಡಿ ನಿಲ್ಲುತ್ತದೆ. ಹೆಲ್ಮೆಟ್ಟನ್ನು ಹಣೆಗೇರಿಸಿ, ಸಣ್ಣ ಸುತ್ತಿಗೆಯಿಂದ ಬೆಸುಗೆಯ ಮೇಲೆ ಕಟ್ಟಿದ ಕರಿ ಸಿಪ್ಪೆಯನ್ನು ಕುಟ್ಟಿ ಉದುರಿಸುತ್ತಾರೆ. ತಂತಿ ಬ್ರಶ್ಶಿನಿಂದ ತಿಕ್ಕುತ್ತಾರೆ. ಆಮೇಲೆ ಅಂಗಿ ಜೇಬಿನಿಂದ ಒಂದು ಪುಟ್ಟ ಕನ್ನಡಿ ತೆಗೆದು ಪೈಪಿನ ಕೆಳಗೆ ಹಿಡಿದು, ಟಾರ್ಚ್ ಬಿಟ್ಟು, ಕಣ್ಣು ಕಿರಿದಾಗಿಸಿ ನೋಡುತ್ತಾರೆ.

“ಎಲ್ರೂ ತಮಾಷೆ ಮಾಡ್ತಾರೆ, ಅಕ್ಕ ಕೆಲಸಕ್ಕೂ ಕನ್ನಡಿ ತರ್ತಾರೆ ಅಂತ. ಇದು ನನ್ನ ಮುಖ ನೋಡ್ಕೊಳೋಕಲ್ಲ, ಪೈಪಿನ ಬೆನ್ನು ನೋಡೋಕೆ. ಬಗ್ಗಿದ್ರೂ ಕಾಣದೇ ಇರೋ ಜಾಗದಲ್ಲೇ ಕಳ್ಳ ಕೂತಿರೋದು” ಎಂದು ನಗುತ್ತಾರೆ.

ಈ ನಗು ಸುಲಭಕ್ಕೆ ಬಂದದ್ದಲ್ಲ. ವರ್ಷಾನುಗಟ್ಟಲೆ ಬೆಂಕಿ ಹಿಡಿದ ಕೈಗೆ ಇಂಥ ಕೆಲಸದ ಬಾಗಿಲು ತೆರೆದದ್ದು ಇತ್ತೀಚೆಗೆ. ಅಂಜಿನಮ್ಮನಿಗೆ ಬೇಕಾಗಿದ್ದುದು ಹೆಚ್ಚೇನಲ್ಲ. ತಾನು ಮಾಡುವ ಕೆಲಸದ ಹೆಸರಿನಿಂದಲೇ ತನ್ನನ್ನು ಕರೆಯಬೇಕು, ವೆಲ್ಡರ್ ಅನ್ನಬೇಕು, ವೆಲ್ಡರಿನ ಮಾತಿಗೆ ಇರುವ ಬೆಲೆ ತನ್ನ ಮಾತಿಗೂ ಇರಬೇಕು. ಅಷ್ಟಕ್ಕಾಗಿ ಒಂದು ಸರ್ಟಿಫಿಕೇಟಿನ ಹಿಂದೆ ಬಿದ್ದು ಅವರು ಪಟ್ಟ ಪಾಡು ಕೇಳಿದರೆ ಯಾರಿಗಾದರೂ ಕೈ ಮುಗಿಯಬೇಕೆನಿಸುತ್ತದೆ.

ಮದುವೆಯಾಗಿ ಬಂದಾಗ ಗಂಡ ಮುನಿರಾಜಪ್ಪನವರಿಗೆ ಕೆ.ಆರ್. ಪುರದ ರಸ್ತೆ ಬದಿಯಲ್ಲಿ ತಗಡಿನ ಶೆಡ್ಡು, ಅದರಲ್ಲಿ ಗೇಟು, ಕಿಟಕಿ ಗ್ರಿಲ್ಲು ಮಾಡುವ ಕಸುಬು. ಆಗ ಆ ಕಡೆ ಒಂದೊಂದೇ ಲೇಔಟು ಏಳುತ್ತಿತ್ತು. ಮನೆ ಎದ್ದಲ್ಲೆಲ್ಲ ಗೇಟು ಬೇಕು. ಊಟದ ಬುತ್ತಿ ತಂದ ಅಂಜಿನಮ್ಮ ಕಬ್ಬಿಣ ಅಲ್ಲಾಡದಂತೆ ಹಿಡಿದುಕೊಳ್ಳಲು ಕೂತರು. ಹಿಡಿದುಕೊಳ್ಳುತ್ತ ನೋಡಿದರು, ನೋಡುತ್ತ ಕಲಿತರು. ಒಂದು ದಿನ ಗಂಡನೇ ಬೀಡಿ ಹಚ್ಚಲು ಹೊರಗೆ ಹೋಗುವಾಗ “ತಗೋ, ಇದೊಂದು ಮೂಲೆ ನೀನೇ ಮುಗ್ಸು” ಎಂದು ಬೆಸುಗೆ ರಾಡು ಸಿಕ್ಕಿಸಿದ ಹೋಲ್ಡರ್ ಕೈಗಿತ್ತರು. ಬಂದು ನೋಡಿ ಸುಮ್ಮನೆ ತಲೆಯಾಡಿಸಿದರು. ಆ ತಲೆಯಾಡಿಕೆಯೇ ಅಂಜಿನಮ್ಮನ ಮೊದಲ ಪರೀಕ್ಷೆ, ಮೊದಲ ಪಾಸು.

ಮುನಿರಾಜಪ್ಪ ಕಲಿಸಿದ ವಿದ್ಯೆಯಲ್ಲಿ ಒಂದು ದೊಡ್ಡ ಪಾಠವಿತ್ತು. ಬೆಸುಗೆ ಹಾಕಿ ಮುಗಿಯುತ್ತಲೇ ಗ್ರೈಂಡರ್ ಎತ್ತಿಕೊಂಡು ಅದನ್ನು ಉಜ್ಜಿ, ನುಣ್ಣಗೆ ಮಾಡಿ, ಎರಡು ಕಬ್ಬಿಣ ಎಲ್ಲಿ ಸೇರಿದೆಯೆಂದು ಹುಡುಕಿದರೂ ಸಿಗದಂತೆ ಮಾಡಬೇಕು. “ಗೇಟಲ್ಲಿ ಬೆಸುಗೆ ಕಂಡ್ರೆ ಮಾಡ್ದೋನ ಮಾನ ಹೋದಂಗೆ” ಎನ್ನುವುದು ಅವರ ಮಾತು. ಕೆ.ಆರ್. ಪುರದ ಎಷ್ಟೋ ಮನೆಗಳ ಗೇಟನ್ನು ಇವತ್ತಿಗೂ ಕೈಯಾಡಿಸಿ ನೋಡಬಹುದು, ಬೆರಳಿಗೆ ಒಂದು ತರಿಯೂ ತಾಕುವುದಿಲ್ಲ.

ಒಂದು ಸಲ ಎರಡನೇ ಮಹಡಿಯ ಬಾಲ್ಕನಿಗೆ ಗ್ರಿಲ್ಲು ಕೂರಿಸುವಾಗ ಸಾರುವೆ ಜಾರಿ ಮುನಿರಾಜಪ್ಪ ಕೆಳಗೆ ಬಿದ್ದರು. ಆಪರೇಷನ್ ಆಗಿ ತೊಡೆಯೊಳಗೆ ರಾಡು ಬಂತು. ಹೆಚ್ಚು ಹೊತ್ತು ನಿಲ್ಲುವಂತಿಲ್ಲ, ಮೇಲೆ ಹತ್ತುವಂತಿಲ್ಲ, ಬಗ್ಗಿ ಏಳುವಂತಿಲ್ಲ. ಅಲ್ಲಿಂದಾಚೆಗೆ ಶೆಡ್ಡಿನಲ್ಲಿ ಒಂದು ವಿಚಿತ್ರ ವ್ಯವಸ್ಥೆ ನಡೆಯಿತು. ಮುಂದೆ ಕುರ್ಚಿ ಹಾಕಿಕೊಂಡು ಮುನಿರಾಜಪ್ಪ ಕೂರುವುದು, ಹಿಂದೆ ಪರದೆಯ ಮರೆಯಲ್ಲಿ ಅಂಜಿನಮ್ಮ ಬೆಸುಗೆ ಹಾಕುವುದು. ಗಿರಾಕಿ ಬಂದು “ಏನ್ ಕೈ ರೀ ನಿಮ್ಮದು!” ಎಂದರೆ ಮುನಿರಾಜಪ್ಪ ನೆಲ ನೋಡುತ್ತಿದ್ದರು.

“ಹೆಂಗಸು ಮಾಡಿದ್ದು ಅಂದ್ರೆ ಅಡ್ವಾನ್ಸ್ ವಾಪಸ್ ಕೇಳೋರು. ಅವ್ರಿಗೂ ಬೇಜಾರಿತ್ತು, ಹೇಳ್ತಿರ್ಲಿಲ್ಲ ಅಷ್ಟೇ” ಎನ್ನುತ್ತಾರೆ ಅಂಜಿನಮ್ಮ. ಗಂಡನ ಮೇಲೆ ಅವರಿಗೆ ಸಿಟ್ಟಿಲ್ಲ. ಇದ್ದರೂ ಪೇಪರಿನವರ ಮುಂದೆ ಆಡುವಷ್ಟಿಲ್ಲ.

ಕಾಲ ಬದಲಾಯಿತು. ಫ್ಯಾಕ್ಟರಿಯಲ್ಲಿ ತಯಾರಾದ ಗೇಟು ಲಾರಿಯಲ್ಲಿ ಬಂದು ಇಳಿಯತೊಡಗಿತು. ಶೆಡ್ಡಿಗೆ ಬರುವವರು ಮುರಿದ ಮಂಚದ ಕಾಲು, ಕುಕ್ಕರ್ ಸ್ಟ್ಯಾಂಡು ತರುವವರಷ್ಟೇ ಆದರು. ಒಂದು ದಿನ ಬಾಗಿಲೆಳೆದು ಬೀಗ ಹಾಕಿ, ಅಂಜಿನಮ್ಮ ಹೊರವರ್ತುಲ ರಸ್ತೆಯ ಒಂದು ಕಟ್ಟಡದ ಕೆಲಸಕ್ಕೆ ಹೋಗಿ ಕೇಳಿದರು. ಪೈಪ್ ಬೆಸುಗೆಗೆ ಜನ ಬೇಕಾಗಿದ್ದರು. ಗುತ್ತಿಗೆದಾರರ ಮನುಷ್ಯ ಕೇಳಿದ್ದು ಒಂದೇ ಪ್ರಶ್ನೆ.

“ಸರ್ಟಿಫಿಕೇಟ್ ಇದ್ಯಾ?”

“ಇಪ್ಪತ್ತು ವರ್ಷದ ಕೆಲಸ ಇದೆ ಸಾರ್.”

“ಅದನ್ನ ಫೈಲಲ್ಲಿ ಎಲ್ಲಿ ಅಂಟಿಸ್ಲಿ ಅಮ್ಮಾ?”

ಆತ ಕುಹಕಕ್ಕೆ ಹೇಳಿದ್ದಲ್ಲ, ನಿಜಕ್ಕೂ ಅವನಿಗೆ ಅಂಟಿಸಲು ಜಾಗವಿರಲಿಲ್ಲ. ಕೊನೆಗೆ ಹೆಲ್ಪರ್ ಎಂದು ಸೇರಿಸಿಕೊಂಡ. ಬೆಸುಗೆ ರಾಡು ಹೊತ್ತು ಕೊಡುವುದು, ಕೇಬಲ್ ಎಳೆಯುವುದು, ಉದುರಿದ ಸಿಪ್ಪೆ ಗುಡಿಸುವುದು, ಬಕೆಟ್ಟಿನಲ್ಲಿ ಮರಳಿಟ್ಟುಕೊಂಡು ಬೆಂಕಿ ಕಾಯುವುದು. ಪಕ್ಕದಲ್ಲೇ ಬೆಸುಗೆ ನಡೆಯುತ್ತಿರುತ್ತದೆ, ಕೈ ತುರಿಸುತ್ತದೆ, ಮುಟ್ಟುವಂತಿಲ್ಲ. ಒಮ್ಮೆ ಒದ್ದೆ ಪೈಪಿಗೇ ಬೆಸುಗೆ ಹಾಕುತ್ತಿದ್ದುದನ್ನು ಕಂಡು “ನೀರಿದೆ ಕಣಪ್ಪಾ, ಒಳಗೆ ಗುಳ್ಳೆ ಏಳುತ್ತೆ” ಎಂದರು. “ನಿಂಗ್ಯಾಕಮ್ಮಾ ಅದು? ಗುಡ್ಸೋದು ನೋಡ್ಕೋ” ಎಂಬ ಉತ್ತರ ಬಂತು. ಗುಡಿಸಿದರು. ಆ ಜಾಯಿಂಟು ಆಮೇಲೆ ಜಿನುಗಿತು, ಬಿಚ್ಚಿ ಮತ್ತೆ ಹಾಕಿದರು. ಹೆಲ್ಪರಮ್ಮ ಮೊದಲೇ ಹೇಳಿದ್ದರೆಂದು ಯಾರಿಗೂ ನೆನಪಾಗಲಿಲ್ಲ.

“ಆವತ್ತು ಮನೆಗೆ ಬಂದು ಅತ್ಬಿಟ್ಟೆ. ಬೈಸ್ಕೊಂಡಿದ್ದಕ್ಕಲ್ಲ. ನಂಗೊತ್ತಿರೋದನ್ನ ಹೇಳೋಕೆ ನಂಗೇ ಹಕ್ಕಿಲ್ವಲ್ಲ ಅಂತ.”

ಮುನಿರಾಜಪ್ಪನವರಿಗೆ ಈ ಸರ್ಟಿಫಿಕೇಟ್ ವ್ಯವಹಾರವೇ ಹಿಡಿಸಲಿಲ್ಲ. “ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಕೆಲಸ ಕಣ್ಣಿಗೆ ಕಾಣಲ್ವಾ ಅವ್ರಿಗೆ?” ಎಂದು ರೇಗಿದರು. ಈ ಮಾತನ್ನು ಒಪ್ಪುವವರು ನಮ್ಮಲ್ಲಿ ಬಹಳ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಹುಟ್ಟಿದ್ದೇ ಇಂಥ ಕಡೆ. ಆದರೆ ಈ ಗಾದೆಗೆ ಸರಿಯಾದ ಉತ್ತರವೊಂದು ಶಿವಾಜಿನಗರದ ಗಲ್ಲಿಯೊಳಗೆ ಸಿಕ್ಕಿತು.

ಹಳೆಯ ವೆಲ್ಡಿಂಗ್ ಮಷೀನನ್ನು ರಿಪೇರಿಗೆ ಕೊಂಡೊಯ್ದಾಗ ಅಂಜಿನಮ್ಮನಿಗೆ ಪರಿಚಯವಾದವರು ಮುನಾವರ್. ಕಾರ್ಖಾನೆಯೊಂದರಲ್ಲಿ ಬಾಯ್ಲರ್ ಪೈಪು ಬೆಸೆದು ನಿವೃತ್ತರಾದವರು. ಈಗ ಹೋಟೆಲುಗಳ ಇಡ್ಲಿ ಬಾಯ್ಲರು, ಬಿರಿಯಾನಿ ಒಲೆ ರಿಪೇರಿ ಮಾಡುವ ಸಣ್ಣ ವರ್ಕ್‌ಶಾಪು ಇಟ್ಟುಕೊಂಡಿದ್ದಾರೆ. ಬಿಳಿ ಗಡ್ಡ, ಬಾಯಿತುಂಬ ಮಾತು. ಅವರೆಂದರು: “ನೋಡು ತಂಗಿ, ಗಲ್ಲಿಯೊಳಗೆ ನಿನ್ನ ಕೈ ಎಲ್ಲರಿಗೂ ಗೊತ್ತು. ಗಲ್ಲಿ ದಾಟಿದ್ರೆ ನೀನು ಯಾರು, ನಾನು ಯಾರು? ಗೊತ್ತಿರೋರಿಗೆ ಮಾತು ಸಾಕು, ಗೊತ್ತಿಲ್ಲದೋರಿಗೆ ಕಾಗದ ಬೇಕು. ಅದ್ರಲ್ಲಿ ಅವಮಾನ ಏನೂ ಇಲ್ಲ.”

ಅಷ್ಟು ಹೇಳಿ ಸುಮ್ಮನಾಗಲಿಲ್ಲ, ಅಂಗಡಿ ತೆರೆಯುವ ಮುಂಚೆ ಬಂದು ಅಭ್ಯಾಸ ಮಾಡಲು ಜಾಗ ಕೊಟ್ಟರು. ಹೋಟೆಲಿನವರು ಬಿಸಾಕಿದ ಪೈಪಿನ ತುಂಡುಗಳನ್ನೇ ಕತ್ತರಿಸಿ ಕೊಟ್ಟರು. ಅಂಜಿನಮ್ಮ ಕೆ.ಆರ್. ಪುರದ ಕಡೆಯಿಂದ ಬರುವ ಮೊದಲ ಬಸ್ಸು ಹತ್ತಿ, ಹಲಸೂರು ದಾಟುವಾಗ ಕಿಟಕಿಗೆ ತಲೆಯಾನಿಸಿ ಒಂದು ಜೋಂಪು ತೆಗೆದು, ಶಿವಾಜಿನಗರದಲ್ಲಿ ಇಳಿದು, ಒಂದು ತಾಸು ಬೆಂಕಿ ಹಿಡಿದು, ಮತ್ತೆ ಓಡಿ ಹೆಲ್ಪರ್ ಕೆಲಸಕ್ಕೆ ಸೇರುತ್ತಿದ್ದರು. ಗೇಟಿನ ಬೆಸುಗೆಯೇ ಬೇರೆ, ಪೈಪಿನದೇ ಬೇರೆ. ಪರೀಕ್ಷೆಯಲ್ಲಿ ಎರಡು ಪೈಪು ತುಂಡುಗಳನ್ನು ಓರೆಯಾಗಿ ಕಟ್ಟಿಬಿಡುತ್ತಾರೆ. ಅದನ್ನು ತಿರುಗಿಸುವಂತಿಲ್ಲ, ಬೆಸುಗೆ ಹಾಕುವವರೇ ಅದರ ಸುತ್ತ ತಿರುಗಬೇಕು. ಮೇಲೆ, ಪಕ್ಕ, ತಲೆಕೆಳಗು, ಎಲ್ಲ ಕಡೆಯೂ ಕೈ ಒಂದೇ ಸಮನೆ ಹೋಗಬೇಕು. ಆಮೇಲೆ ಅದನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಯಂತ್ರದಲ್ಲಿಟ್ಟು ಬಗ್ಗಿಸುತ್ತಾರೆ. ಬಿರಿಯದಿದ್ದರೆ ಪಾಸು. ಮುನಾವರ್ ಕೂಡ ಹಾಗೇ ಮಾಡುತ್ತಿದ್ದರು. ಬೆಸುಗೆ ಮುಗಿಯುತ್ತಿದ್ದಂತೆ ಇಕ್ಕಳದಲ್ಲಿ ಕಿತ್ತುಕೊಂಡು, ನೀರಿಗದ್ದಿ, ಕತ್ತರಿಸಿ, ಬಗ್ಗಿಸಿ ನೋಡುತ್ತಿದ್ದರು. ಮೊದಮೊದಲು ಕಡ್ಡಿಯಂತೆ ಮುರಿಯುತ್ತಿದ್ದ ಪಟ್ಟಿ ತಿಂಗಳುಗಳು ಕಳೆದಂತೆ ಕೊಕ್ಕೆಯಂತೆ ಬಾಗತೊಡಗಿತು.

ನಡುವೆ ಒಬ್ಬ ಏಜೆಂಟನೂ ಗಂಟುಬಿದ್ದ. ಟೆಸ್ಟೇ ಬೇಡ, ಫೋಟೊ ಕೊಟ್ಟರೆ ಸಾಕು, ಸರ್ಟಿಫಿಕೇಟು ಮನೆಗೇ ಬರುತ್ತದೆ ಎಂದ. ಸುಸ್ತಾಗಿದ್ದ ಅಂಜಿನಮ್ಮನಿಗೆ ಒಂದು ಗಳಿಗೆ ಆಸೆಯಾಯಿತಂತೆ. “ಆಸೆ ಆಗ್ಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ಆ ಕಾಗದಾನ ಸೂಪರ್‌ವೈಸರ್ ಓದ್ತಾನೆ ಸರಿ, ಪೈಪಿಗೆ ಓದೋಕ್ ಬರಲ್ವಲ್ಲ! ಅದು ನೀರು ಬಿಟ್ ತಕ್ಷಣ ಕೇಳುತ್ತೆ, ನಿಜವಾಗ್ಲೂ ಬರುತ್ತಾ ನಿಂಗೆ ಅಂತ.”

ಪರೀಕ್ಷೆಯ ದಿನ ಬಂತು. ಕೆ.ಆರ್. ಪುರದಾಚೆಯ ಒಂದು ತಪಾಸಣಾ ಕೇಂದ್ರ. ಪರೀಕ್ಷಿಸುವವರು ಪೂಜಿತಾ ಎಂಬ ಎಂಜಿನಿಯರ್, ಅಂಜಿನಮ್ಮನಿಗಿಂತ ಬಹಳ ಕಿರಿಯರು. ಓರೆಯಾಗಿ ನಿಂತ ಪೈಪಿನ ಸುತ್ತ ಅಂಜಿನಮ್ಮ ಕೂತು, ಮಂಡಿಯೂರಿ, ಮಲಗಿ, ಎದ್ದು ಬೆಸುಗೆ ಮುಗಿಸಿದರು. ಅವತ್ತಿನಷ್ಟು ಚೆನ್ನಾಗಿ ಕೈ ಓಡಿದ್ದೇ ಇಲ್ಲ ಎನ್ನುತ್ತಾರೆ. ಪೂಜಿತಾ ಪಕ್ಕದ ಮೇಜಿಗೆ ಹೋಗಿದ್ದರು. ಮುಗಿದ ಖುಷಿಯಲ್ಲಿ ಅಂಜಿನಮ್ಮ ಏನು ಮಾಡಬೇಕು? ಅಲ್ಲೇ ಇದ್ದ ಗ್ರೈಂಡರ್ ಎತ್ತಿಕೊಂಡು, ಇಪ್ಪತ್ತು ವರ್ಷದ ಪ್ರೀತಿಯನ್ನೆಲ್ಲ ಸುರಿದು, ಬೆಸುಗೆಯನ್ನು ನುಣ್ಣಗೆ ಉಜ್ಜಿಬಿಟ್ಟರು! ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ; ಇಲ್ಲಿ ಸುಟ್ಟ ಮೇಲೇ ಬಂದು ಕೂತಿತು.

ಪೂಜಿತಾ ಬಂದು ನೋಡಿ ಮುಖ ಸಣ್ಣದು ಮಾಡಿಕೊಂಡರು. “ಅಮ್ಮಾ, ಉಜ್ಬಿಟ್ರಾ? ಇದನ್ನ ನಾನು ಚೆಕ್ ಮಾಡೋಕೇ ಆಗಲ್ಲ.”

“ಯಾಕ್ ಮೇಡಂ? ಗಾಜಿನ ತರ ಇದ್ಯಲ್ಲ!”

“ಅದೇ ಕಷ್ಟ. ನಿಮ್ಮ ಕೈ ಹೆಂಗೆ ಹೋಗಿದೆ ಅಂತ ಹೇಳೋದು ಆ ಮೇಲಿನ ಗುರುತೇ. ಉಜ್ಜಿದ್ಮೇಲೆ ತೂತಿದ್ರೂ ಮುಚ್ಚೋಗಿರುತ್ತೆ, ಬಿರುಕಿದ್ರೂ ಮುಚ್ಚೋಗಿರುತ್ತೆ. ರೂಲ್ಸ್ ಪ್ರಕಾರ ರಿಜೆಕ್ಟ್. ಬಗ್ಗಿಸಿ ನೋಡೋ ಹಂಗೂ ಇಲ್ಲ.”

ಬೆಸುಗೆ ಕೆಟ್ಟು ಫೇಲಾಗಿದ್ದರೆ ಒಂದು ಮಾತು. ಮಾನ ಉಳಿಸಲು ಮಾಡಿದ್ದೇ ಮಾನ ಕಳೆಯಿತು. ಸುದ್ದಿ ಕೇಳಿ ಮುನಾವರ್ ಹಣೆ ಚಚ್ಚಿಕೊಂಡರು. “ಅರೆ ಅಲ್ಲಾ! ಬೆಂಕಿ ಹೆಂಗೆ ಹಿಡಿಬೇಕು ಎಲ್ಲಾ ಹೇಳ್ದೆ, ಗ್ರೈಂಡರ್ ಮುಟ್‌ಬೇಡ ಅಂತ ಹೇಳೋದು ಹೊಳೀಲೇ ಇಲ್ಲ. ಪೈಪಿನೋರು ಯಾರೂ ಮುಟ್ಟಲ್ವಲ್ಲ! ನಾನು ಜನ್ಮದಲ್ಲಿ ಒಂದು ಗೇಟ್ ಮಾಡ್ದವ್ನಲ್ಲ, ನಂಗೇನ್ ಗೊತ್ತು?”

ಮನೆಯಲ್ಲಿ ಮುನಿರಾಜಪ್ಪ ಎಲ್ಲ ಕೇಳಿಸಿಕೊಂಡರು. ‘ನಾನು ಮೊದಲೇ ಹೇಳಿರಲಿಲ್ವಾ’ ಎಂದು ಹಂಗಿಸುತ್ತಾರೇನೋ ಎಂದು ಅಂಜಿನಮ್ಮ ಕಾದರು. ಅವರೆಂದದ್ದು ಬೇರೆಯೇ. “ಅದು ನಿನ್ನ ತಪ್ಪಲ್ಲ. ಉಜ್ಜೋದ್ ಕಲ್ಸಿದ್ದು ನಾನು. ಬಿಡಿಸ್ಬೇಕಾದೋನೂ ನಾನೇ.”

ಮಾರನೆಯ ಬೆಳಿಗ್ಗೆ ಊರುಗೋಲು ಹಿಡಿದು ಅವರೂ ಹೊರಟರು. ಆ ಕಾಲಿನಲ್ಲಿ ಬಸ್ಸು ಹತ್ತುವುದೇ ಒಂದು ಸಾಹಸ. ಮುನಾವರ್ ವರ್ಕ್‌ಶಾಪಿನಲ್ಲಿ ಒಂದು ಸ್ಟೂಲು ಹಾಕಿಸಿಕೊಂಡು ಕೂತು, ಗ್ರೈಂಡರನ್ನು ಬೇಕೆಂದೇ ಹೆಂಡತಿಯ ಕೈಗೆ ಸಿಗುವ ಹಾಗೆ ಮೇಜಿನ ಮೇಲಿಡಿಸಿದರು. ಬೆಸುಗೆ ಮುಗಿದು ಅಂಜಿನಮ್ಮನ ಬಲಗೈ ತಾನೇ ತಾನಾಗಿ ಆ ಕಡೆ ಹೊರಟಿತೆನ್ನುವಾಗ ಊರುಗೋಲು ನೆಲಕ್ಕೆ ಕುಟ್ಟುತ್ತಿತ್ತು. ಟಕ್! ಕೈ ಹಿಂದಕ್ಕೆ. ಒಂದೆರಡು ವಾರ ದಿನಾ ಇದೇ. ನೋಡುತ್ತ ಕೂತ ಮುನಾವರ್‌ಗೆ ನಗು ತಡೆಯುತ್ತಿರಲಿಲ್ಲ. ಮುನಿರಾಜಪ್ಪ ಮಾತ್ರ ನಗುತ್ತಿರಲಿಲ್ಲ. ಜೀವಮಾನವಿಡೀ ಮುಚ್ಚಿಟ್ಟ ಬೆಸುಗೆಯನ್ನು ಬೆತ್ತಲೆ ಬಿಟ್ಟು ನೋಡುವುದು ಅವರಿಗೂ ಕಷ್ಟವೇ ಆಗಿರಬೇಕು. ಕೊನೆಯ ದಿನಗಳಲ್ಲಿ ಕೈ ಅತ್ತ ಹೋಗುವುದು ನಿಂತಿತು, ಕೋಲೂ ನಿಂತಿತು.

ಎರಡನೇ ಪರೀಕ್ಷೆಗೆ ಅಂಜಿನಮ್ಮ ಒಬ್ಬರೇ ಹೋದರು. ಬೆಸುಗೆ ಮುಗಿಯಿತು. ಸಿಪ್ಪೆ ಕುಟ್ಟಿದರು, ಬ್ರಶ್ಶು ಹಾಕಿದರು. ಗ್ರೈಂಡರ್ ಒಂದು ಮಾರು ದೂರದಲ್ಲಿ ಸುಮ್ಮನೆ ಬಿದ್ದಿತ್ತು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಶಾಲೆಯ ಮಕ್ಕಳು ಪ್ರಾರ್ಥನೆಗೆ ನಿಲ್ಲುವ ಹಾಗೆ, ಪೂಜಿತಾ ಬರುವವರೆಗೂ ನಿಂತೇ ಇದ್ದರು. ಪೈಪಿನ ಸುತ್ತ ಬೆಸುಗೆ ಬಿಗಿಯಾಗಿ ಹೆಣೆದ ಜಡೆಯಂತೆ ಒಂದೇ ಸಮ ಎದ್ದು ಕಾಣುತ್ತಿತ್ತು. ಪೂಜಿತಾ ಸುತ್ತಲೂ ಟಾರ್ಚು ಬಿಟ್ಟು ನೋಡಿದರು, ಅಳತೆ ಹಿಡಿದರು, ಕತ್ತರಿಸಲು ಕಳಿಸಿದರು. ಪಟ್ಟಿಗಳು ಒಂದೊಂದಾಗಿ ಯಂತ್ರದಲ್ಲಿ ಬಾಗಿದವು. ಒಂದರಲ್ಲೂ ಬಿರುಕಿಲ್ಲ.

“ಮೇಡಂ ಬಂದು ಕೈ ಕುಲುಕಿದ್ರು. ಗ್ಲೌಸ್ ತೆಗೆಯೋದೂ ಮರ್ತೋಗಿತ್ತು ನಂಗೆ. ಮೊದ್ಲು ಫೋನ್ ಮಾಡಿದ್ದು ಇವ್ರಿಗೆ. ‘ಆಯ್ತು ಕಣ್ರೀ’ ಅಂದೆ. ಆಕಡೆ ಅಳ್ತಾ ಇದಾರೆ, ನನ್ ಗಂಡ!”

ಆ ಸರ್ಟಿಫಿಕೇಟು ಹಿಡಿದು ಹೋದ ಮೇಲೆ ಸಿಕ್ಕಿದ್ದು ಈ ಸಿ.ವಿ. ರಾಮನ್ ನಗರದ ಕೆಲಸ. ಇಲ್ಲಿಯೂ ಸೇರಿಸಿಕೊಳ್ಳುವ ಮುಂಚೆ ಇನ್ನೊಮ್ಮೆ ಬೆಸುಗೆ ಹಾಕಿಸಿ ನೋಡಿದರು; ಕಾಗದ ಬಾಗಿಲು ತೆರೆಯುತ್ತದೆ, ಒಳಗೆ ನಡೆಯಬೇಕಾದವರು ನಾವೇ ಎಂದು ಅಂಜಿನಮ್ಮನಿಗೆ ಚೆನ್ನಾಗಿ ಗೊತ್ತು. ಆರು ತಿಂಗಳು ಆ ಕೆಲಸ ಬಿಟ್ಟಿದ್ದರೆ ಸರ್ಟಿಫಿಕೇಟಿಗೆ ಬೆಲೆಯಿಲ್ಲ, ಮತ್ತೆ ಪರೀಕ್ಷೆಗೆ ಕೂರಬೇಕು. ಆದ್ದರಿಂದ ಜ್ವರ ಬಂದರೂ ಮನೆಯಲ್ಲಿ ಕೂರುವ ಜಾಯಮಾನ ಅವರದಲ್ಲ. ಕಣ್ಣು ಉರಿಯುತ್ತದೆ, ಕತ್ತು ಹಿಡಿಯುತ್ತದೆ, ಕಾಲರಿನೊಳಗೆ ಕಿಡಿ ಬಿದ್ದ ಕಲೆಗಳಿಗೆ ಲೆಕ್ಕವಿಲ್ಲ. ಇಲ್ಲಿ ಪ್ರತಿ ಬೆಸುಗೆಯ ಪಕ್ಕ ಅದನ್ನು ಹಾಕಿದವರ ನಂಬರನ್ನು ಬರೆಯಬೇಕು. ಪರದೆಯ ಹಿಂದೆ ಕೂತು ಹೆಸರಿಲ್ಲದೆ ದುಡಿದ ಹೆಂಗಸಿನ ಗುರುತು ಈಗ ಕಟ್ಟಡದ ಉದ್ದಗಲಕ್ಕೂ ಹಳದಿ ಬಣ್ಣದಲ್ಲಿದೆ. ಹೆಮ್ಮೆಯೆನಿಸುವುದಿಲ್ಲವೇ ಎಂದರೆ, “ಹೆಮ್ಮೆಗಿಂತ ಭಯ ಜಾಸ್ತಿ. ಸೋರಿದ್ರೆ ನೇರ ನನ್ನನ್ನೇ ಕರೀತಾರೆ” ಎನ್ನುತ್ತಾರೆ.

ಹಾಗಾದರೆ ಈ ಸರ್ಟಿಫಿಕೇಟಿನಿಂದ ನಿಜವಾಗಿ ಸಿಕ್ಕಿದ್ದೇನು? ಸಂಬಳ, ಕೆಲಸ ಎಂಬ ಉತ್ತರ ನಿರೀಕ್ಷಿಸಿ ಕೇಳಿದ ಪ್ರಶ್ನೆ ಇದು. ಅಂಜಿನಮ್ಮ ಕನ್ನಡಿಯನ್ನು ಅಂಗಿಗೆ ಒರೆಸಿ ಜೇಬಿಗಿಟ್ಟುಕೊಂಡು, ಸ್ವಲ್ಪ ಯೋಚಿಸಿ, ಕಳೆದ ತಿಂಗಳ ಒಂದು ಬೆಳಗಿನ ಕಥೆ ಹೇಳುತ್ತಾರೆ.

ಎರಡು ಪೈಪುಗಳ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟುಹೋಗಿತ್ತು. ಜನ ಬರುವ ಹೊತ್ತಾಗುತ್ತಿತ್ತು. ಸೂಪರ್‌ವೈಸರ್ ಫಹೀಮ್ ಒಳ್ಳೆಯ ಮನುಷ್ಯ, ಅವತ್ತು ಅವರ ಮೇಲೆ ಮೇಲಿನವರ ಒತ್ತಡ. “ಅಕ್ಕಾ, ಒಂದು ರಾಡ್ ತುಂಡು ಒಳಗಿಟ್ಟು ಮೇಲೆ ತುಂಬ್ಬಿಡಿ. ಯಾರ್ ನೋಡ್ತಾರೆ?” ಎಂದರು.

“ಸುಳ್ಯಾಕೆ ಹೇಳ್ಲಿ, ಗೇಟಿಗೆ ನಾವೂ ಎಷ್ಟೋ ಸಲ ಹಂಗೆ ತುಂಬಿದೀವಿ. ಗೇಟಿಗೆ ನಡಿಯುತ್ತೆ, ನೀರು ಹೋಗೋ ಪೈಪಿಗೆ ನಡಿಯಲ್ಲ. ಹೋಲ್ಡರ್ ಕೆಳಗಿಟ್ಟೆ. ‘ಆಗಲ್ಲ ಸಾರ್’ ಅಂದೆ.”

ಅಂಜಿನಮ್ಮ ಗ್ಲೌಸು ಕಳಚಿ ತೊಡೆಯ ಮೇಲಿಟ್ಟುಕೊಳ್ಳುತ್ತಾರೆ.

“ಮದ್ವೆ ಆದಾಗಿಂದ ಇದೇ ಕೆಲಸ ನಂದು. ‘ಮಾಡ್ತೀನಿ’, ‘ಆಯ್ತು’, ‘ಈಗ್ಲೇ ಆಗೋಗುತ್ತೆ’, ಇಷ್ಟೇ ಈ ಬಾಯಲ್ಲಿ ಬಂದಿರೋದು. ಕೆಲಸದ ಜಾಗದಲ್ಲಿ ‘ಆಗಲ್ಲ’ ಅಂತ ಅಂದಿದ್ದು ಆವತ್ತೇ ಮೊದಲು. ಅವ್ರು ನನ್ನ ನೋಡಿದ್ರು, ಪೈಪ್ ನೋಡಿದ್ರು, ‘ಸರಿ ಅಕ್ಕಾ’ ಅಂದ್ರು. ಆಮೇಲೆ ಪೈಪ್ ಬಿಚ್ಚಿದ್ರು. ನಾನು ಆಗಲ್ಲ ಅಂದೆ ಅಂತ, ಅಷ್ಟು ದೊಡ್ಡ ಪೈಪ್ ಬಿಚ್ಚಿದ್ರು ನೋಡಿ.”